ಹುಡುಕಬೇಕಾದದ್ದು ಕೊಬ್ಬನ್ನಲ್ಲ

ಚೆನ್ನೈನ ಮಧ್ಯಮ ವರ್ಗದ ಮನೆಗಳ ಬೀರುವಿನಲ್ಲಿ ಈಗ ಮಾಸ್ಟರ್ ಹೆಲ್ತ್ ಚೆಕಪ್ಪಿನ ಫೈಲೊಂದು ಸಾಮಾನ್ಯವಾಗಿ ಇರುತ್ತದೆ. ಅದರೊಳಗೆ ಹೊಟ್ಟೆಯ ಸ್ಕ್ಯಾನಿಂಗಿನ ಹಾಳೆ, ಹಾಳೆಯ ಕೆಳಗೆ ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂಬ ಸಾಲು. ಅದನ್ನು ಓದಿ ಕೆಲವರು ತಿಂಗಳುಗಟ್ಟಲೆ ನಿದ್ದೆಗೆಡುತ್ತಾರೆ. ಇನ್ನು ಕೆಲವರು ‘ಇದು ಎಲ್ಲರಿಗೂ ಇರುತ್ತೆ ಬಿಡಿ’ ಎಂದು ಹಾಳೆ ಮಡಚಿಡುತ್ತಾರೆ. ಹೆದರಿದವರಿಗೂ ಹಗುರವಾಗಿ ತೆಗೆದುಕೊಂಡವರಿಗೂ ನಿಜವಾಗಿ ತಿಳಿಯಬೇಕಾಗಿದ್ದ ಸಂಗತಿ ಆ ಸಾಲಿನಲ್ಲಿ ಇಲ್ಲ.

ಆರೋಗ್ಯ ಪುಟಗಳಲ್ಲಿ, ಆಸ್ಪತ್ರೆಗಳ ಜಾಹೀರಾತುಗಳಲ್ಲಿ, ಅನೇಕ ವೈದ್ಯರ ಬಾಯಲ್ಲಿ ಒಂದೇ ಮಾತು ಕೇಳಿಬರುತ್ತಿದೆ: ಫ್ಯಾಟಿ ಲಿವರ್ ಸದ್ದಿಲ್ಲದೆ ಕೊಲ್ಲುವ ಕಾಯಿಲೆ, ಆದ್ದರಿಂದ ಕ್ಲಿನಿಕ್ಕಿಗೆ ಬಂದವರಿಗೆಲ್ಲ ಒಮ್ಮೆ ಸ್ಕ್ಯಾನ್ ಮಾಡಿಸಿಬಿಡಬೇಕು, ಎಷ್ಟು ಬೇಗ ಕಂಡುಬಂದರೆ ಅಷ್ಟು ಕ್ಷೇಮ. ಇದು ಎಷ್ಟು ನೇರವಾಗಿ ಕೇಳಿಸುತ್ತದೆಂದರೆ ಎದುರಾಡುವವನೇ ಜವಾಬ್ದಾರಿಯಿಲ್ಲದವನಂತೆ ಕಾಣುತ್ತಾನೆ. ಆದರೂ ಎದುರಾಡಬೇಕಾಗಿದೆ. ಲಿವರ್ ಕಾಯಿಲೆ ಸಣ್ಣದು ಎಂಬುದು ನನ್ನ ವಾದವಲ್ಲ. ಅದು ದೊಡ್ಡದೇ, ಬೆಳೆಯುತ್ತಲೂ ಇದೆ. ನನ್ನ ತಕರಾರು ಹುಡುಕುವ ಬಗೆಯ ಮೇಲೆ. ಎಲ್ಲರ ಹೊಟ್ಟೆಯಲ್ಲೂ ಕೊಬ್ಬು ಹುಡುಕುತ್ತಿದ್ದೇವೆ. ಹುಡುಕಬೇಕಾದದ್ದು ಲಿವರ್ ನಾರುಗಟ್ಟಿರುವುದನ್ನು. ಅದೂ ಎಲ್ಲರಲ್ಲಿ ಅಲ್ಲ, ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿನ ಸಾಲಿನಲ್ಲಿ ಆಗಲೇ ನಿಂತಿರುವವರಲ್ಲಿ.

ಮೊದಲು ಭಯ ಹುಟ್ಟಿಸುವ ಅಂಕಿಗಳನ್ನೇ ನೋಡೋಣ. ಚೆನ್ನೈನಲ್ಲಿ 1983ರಲ್ಲಿ ಆರಂಭವಾದ ಅಪೋಲೊ ಆಸ್ಪತ್ರೆ 2025ರಲ್ಲಿ ಒಂದು ವರದಿ ಹೊರತಂದಿತು. ತಪಾಸಣೆಗೆ ಬಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ಶೇಕಡಾ 65 ಮಂದಿಗೆ ಫ್ಯಾಟಿ ಲಿವರ್ ಇತ್ತು ಎಂದು ಅದು ಹೇಳಿತು. ಅದೇ ವರ್ಷ ಹೈದರಾಬಾದಿನ ಐಟಿ ಉದ್ಯೋಗಿಗಳ ಬಗ್ಗೆ ಇನ್ನೊಂದು ಅಧ್ಯಯನ ಬಂತು. ನೋಡಿದ 345 ಮಂದಿಯಲ್ಲಿ ಶೇಕಡಾ 84 ಜನರ ಲಿವರಿನಲ್ಲಿ ಕೊಬ್ಬು ಜಾಸ್ತಿ. ಬೆಂಗಳೂರಿನ ಪತ್ರಿಕೆಗಳೂ ಇದನ್ನು ದೊಡ್ಡದಾಗಿ ಅಚ್ಚುಹಾಕಿದವು. ಹಣ ಕೊಟ್ಟು ತಪಾಸಣೆಗೆ ಬರುವವರು, ದಿನವಿಡೀ ಕುರ್ಚಿಯಲ್ಲಿ ಕೂರುವವರು ಇಡೀ ಊರಿನ ಮಾದರಿಯಲ್ಲ, ಆ ಮಾತು ಬೇರೆ. ಅಂಕಿಗಳನ್ನು ಹಾಗೇ ಒಪ್ಪಿಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ. ನೂರರಲ್ಲಿ 65 ಮಂದಿಗೆ, 84 ಮಂದಿಗೆ ‘ಇದೆ’ ಎಂದು ಹೇಳುವ ಪರೀಕ್ಷೆಯಿಂದ ವೈದ್ಯ ಮಾಡುವುದೇನು? ಯಾರನ್ನು ಇವತ್ತೇ ನೋಡಬೇಕು, ಯಾರನ್ನು ಮನೆಗೆ ಕಳಿಸಬಹುದು ಎಂದು ಬೇರ್ಪಡಿಸಿಕೊಡುವುದಕ್ಕೇ ತಪಾಸಣೆ ಇರುವುದು. ಬಹುಪಾಲು ಜನರನ್ನು ಒಂದೇ ಬುಟ್ಟಿಗೆ ಹಾಕುವ ಪರೀಕ್ಷೆ ಆ ಕೆಲಸ ಮಾಡಿಲ್ಲ.

ಇದಕ್ಕೆ ಹೋಲಿಸಿದರೆ ಚೆನ್ನೈ ನಗರದ್ದೇ ಹಳೆಯ ಅಂಕಿ ಹೆಚ್ಚು ಉಪಯೋಗದ್ದು. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ನಡೆಸಿದ ‘ಕ್ಯೂರ್ಸ್’ ಎಂಬ ದೊಡ್ಡ ಸಮೀಕ್ಷೆಯ ಒಂದು ಭಾಗವಾಗಿ ನಗರದ 541 ಜನರ ಲಿವರನ್ನು ಸ್ಕ್ಯಾನ್ ಮಾಡಲಾಗಿತ್ತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಟ್ಟಾರೆ ಶೇಕಡಾ 32 ಮಂದಿಗೆ ಫ್ಯಾಟಿ ಲಿವರ್. ರಕ್ತದ ಸಕ್ಕರೆ ಸರಿಯಾಗಿದ್ದವರಲ್ಲಿ ಇದು ಶೇಕಡಾ 22.5, ಸಕ್ಕರೆ ಕಾಯಿಲೆ ಇದ್ದವರಲ್ಲಿ ಶೇಕಡಾ 54.5. ಕಾಯಿಲೆ ಎಲ್ಲಿ ಗುಂಪುಗಟ್ಟಿದೆ ಎಂಬುದನ್ನು ಈ ಎರಡು ಅಂಕಿಗಳು ಹದಿನೈದು ವರ್ಷಕ್ಕೂ ಹಿಂದೆಯೇ ತೋರಿಸಿದ್ದವು. ನಾವು ಅತ್ತ ನೋಡದೆ ಇಡೀ ಊರಿಗೆ ಸ್ಕ್ಯಾನಿಂಗ್ ಪ್ಯಾಕೇಜು ಮಾರಿದೆವು.

ಲಿವರಿನ ಜೀವಕೋಶಗಳಲ್ಲಿ ಕೊಬ್ಬು ತುಂಬಿಕೊಳ್ಳುವುದು ಆರಂಭ ಮಾತ್ರ. ಬಹಳ ಮಂದಿಯಲ್ಲಿ ಅದು ಜೀವನಪರ್ಯಂತ ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಕೊಬ್ಬಿನಿಂದ ಉರಿಯೂತ ಹುಟ್ಟಿ, ಉರಿಯೂತದಿಂದ ಗಾಯ, ಗಾಯ ಮಾಯುತ್ತ ನಾರು, ನಾರು ಹೆಚ್ಚಿ ಕೊನೆಗೆ ಸಿರೋಸಿಸ್. ವೈದ್ಯರು ಫೈಬ್ರೋಸಿಸ್ ಎನ್ನುವುದು ಈ ನಾರುಗಟ್ಟುವಿಕೆಯನ್ನೇ. ಅಮೆರಿಕ, ಯುರೋಪ್ ಮತ್ತು ಥಾಯ್ಲೆಂಡಿನ 619 ರೋಗಿಗಳ ಲಿವರಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವರನ್ನು ವರ್ಷಗಳ ಕಾಲ ಹಿಂಬಾಲಿಸಿ, 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕ್ಷೇತ್ರದ ನೋಟವನ್ನೇ ಬದಲಿಸಿತು. ಯಾರು ಸಾಯುತ್ತಾರೆ, ಯಾರಿಗೆ ಲಿವರ್ ಕಸಿ ಬೇಕಾಗುತ್ತದೆ ಎಂಬುದಕ್ಕೂ ಕೊಬ್ಬಿನ ಪ್ರಮಾಣಕ್ಕೂ ನಂಟು ಕಾಣಲಿಲ್ಲ, ಉರಿಯೂತಕ್ಕೂ ಕಾಣಲಿಲ್ಲ. ನಂಟು ಕಂಡದ್ದು ನಾರಿನ ಮಟ್ಟಕ್ಕೆ.

ಹೊಟ್ಟೆಯ ಮಾಮೂಲಿ ಸ್ಕ್ಯಾನಿಂಗ್ ಈ ನಾರನ್ನು ತೋರಿಸುವುದಿಲ್ಲ. ಅದು ಲಿವರ್ ಎಷ್ಟು ಬೆಳ್ಳಗೆ ಕಾಣುತ್ತದೆ ಎಂದು ನೋಡಿ ಗ್ರೇಡ್ ಕೊಡುತ್ತದೆ. ಆ ಬಿಳುಪು ಕೊಬ್ಬಿನದು. ಕೊಬ್ಬು ಕಡಿಮೆ ಇದ್ದರೆ ಅದನ್ನೂ ಹಿಡಿಯುವುದಿಲ್ಲ. ಲಿವರ್ ಮುದುಡಿ, ಅಂಚು ಗಂಟುಗಂಟಾದ ಮೇಲೆ ಸ್ಕ್ಯಾನಿಂಗಿನವರಿಗೂ ತಿಳಿಯುತ್ತದೆ, ಆದರೆ ಆಗ ತಪಾಸಣೆಯ ಕಾಲ ಮುಗಿದಿರುತ್ತದೆ. ಸಾಲದ್ದಕ್ಕೆ ಸಿರೋಸಿಸ್ ಬಲಿತಂತೆ ಲಿವರಿನ ಕೊಬ್ಬು ಕರಗುವುದೂ ಉಂಟು. ಹಾಗಾಗಿ ಕಾಯಿಲೆ ಕೆಟ್ಟಿರುವಾಗ ಗ್ರೇಡ್ ಇಳಿದು, ಮನೆಯವರು ಗುಣವಾಯಿತೆಂದು ಸಮಾಧಾನಪಟ್ಟುಕೊಳ್ಳುವ ಅಪಾಯವೂ ಇದೆ.

ಹಾಗಾದರೆ ನಾರನ್ನು ಪತ್ತೆಹಚ್ಚುವುದು ಹೇಗೆ? ಇಲ್ಲಿ ಸ್ವಲ್ಪ ಲೆಕ್ಕ ಹಾಕಲೇಬೇಕು, ಓದುಗರು ಬೇಸರಪಟ್ಟುಕೊಳ್ಳಬಾರದು. ಫಿಬ್-4 ಎಂಬ ಸೂತ್ರ 2006ರಿಂದ ಇದೆ. ಮೊದಲು ಅದನ್ನು ರೂಪಿಸಿದ್ದು ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ತಗುಲಿದವರಿಗಾಗಿ. ಫ್ಯಾಟಿ ಲಿವರಿಗೆ ಬಳಸತೊಡಗಿದ್ದು ಆಮೇಲೆ. ಅದಕ್ಕೆ ಬೇಕಾದದ್ದು ನಾಲ್ಕೇ: ವಯಸ್ಸು, ರಕ್ತದಲ್ಲಿ ಅಳೆಯುವ ಲಿವರ್ ಎನ್‌ಜೈಮುಗಳಾದ ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಣಿಕೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಎಷ್ಟು ಸಾವಿರ ಇದೆಯೋ ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಉತ್ತರ 1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ನಾರುಗಟ್ಟುವಿಕೆ ಇರುವ ಸಂಭವ ಕಡಿಮೆ. 2.67 ದಾಟಿದರೆ ಸಂಭವ ಹೆಚ್ಚು. ನಡುವೆ ಬಂದವರಿಗೆ ಇನ್ನೊಂದು ಪರೀಕ್ಷೆ ಬೇಕು.

ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬ ಶೋಳಿಂಗನಲ್ಲೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ 38 ವರ್ಷದವನು. ಸ್ಕ್ಯಾನಿಂಗಿನಲ್ಲಿ ಗ್ರೇಡ್ ಟು. ಎಸ್‌ಜಿಪಿಟಿ 81, ಎಸ್‌ಜಿಒಟಿ 45, ಪ್ಲೇಟ್‌ಲೆಟ್ 2,80,000. ರಿಪೋರ್ಟಿನಲ್ಲಿ ದಪ್ಪಕ್ಷರದ ಅಂಕಿ ನೋಡಿ ಮನೆಯವರಿಗೆಲ್ಲ ದಿಗಿಲು. ಇನ್ನೊಬ್ಬಾಕೆ ರಾಯಪುರಂನ 58 ವರ್ಷದ ಗೃಹಿಣಿ, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಗ್ರೇಡ್ ಒನ್. ಎಸ್‌ಜಿಪಿಟಿ 36, ಎಸ್‌ಜಿಒಟಿ 40, ಪ್ಲೇಟ್‌ಲೆಟ್ 1,60,000. ಲ್ಯಾಬಿನ ಮಿತಿಯ ಪ್ರಕಾರ ಎಲ್ಲವೂ ನಾರ್ಮಲ್. ಯಾವ ಅಂಕಿಯೂ ದಪ್ಪಕ್ಷರದಲ್ಲಿಲ್ಲ. ಈಗ ಲೆಕ್ಕ ಹಾಕಿ. ಆತನ ಫಿಬ್-4 ಸುಮಾರು 0.68. ಆಕೆಯದು ಸುಮಾರು 2.4. ದಿಗಿಲುಬಿದ್ದ ಮನೆಯಲ್ಲಿ ಸದ್ಯಕ್ಕೆ ತೂಕ ಇಳಿಸುವ ಕೆಲಸವಿದೆ, ಅಷ್ಟೆ. ನಿಶ್ಚಿಂತವಾಗಿರುವ ಮನೆಯ ಹೆಂಗಸನ್ನು ಈ ತಿಂಗಳೇ ಎರಡನೆಯ ಪರೀಕ್ಷೆಗೆ ಕಳಿಸಬೇಕು. ಈಗಿನ ಪದ್ಧತಿ ಮಾಡುತ್ತಿರುವುದು ಇದರ ಉಲ್ಟಾ: ಆತನಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್, ಆಕೆಗೆ ‘ಎಲ್ಲ ಸರಿಯಿದೆ’ ಎಂಬ ಭರವಸೆ.

ಎಸ್‌ಜಿಪಿಟಿ ನಾರ್ಮಲ್ ಇದ್ದರೆ ಲಿವರ್ ಚೆನ್ನಾಗಿದೆ ಎಂಬ ನಂಬಿಕೆ ರೋಗಿಗಳಲ್ಲಿ ಮಾತ್ರ ಇದ್ದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಅದು ವೈದ್ಯರಲ್ಲೂ ಬೇರೂರಿದೆ. ಲಿವರ್ ನಾರುಗಟ್ಟುತ್ತ ಹೋದಂತೆ ಎಸ್‌ಜಿಪಿಟಿ ಇಳಿಯುವುದು ಸಾಮಾನ್ಯ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳುತ್ತದೆ: ಟೈಪ್ 2 ಸಕ್ಕರೆ ಕಾಯಿಲೆಯವರಿಗೆ ಲಿವರ್ ಎನ್‌ಜೈಮುಗಳು ನಾರ್ಮಲ್ ಇದ್ದರೂ ಫಿಬ್-4 ನೋಡಿ. ಅಲ್ಲಿನ ಲಿವರ್ ತಜ್ಞರ ಸಂಘ 2023ರ ಮಾರ್ಗದರ್ಶಿಯಲ್ಲಿ ಇನ್ನೂ ಒಂದು ಮಾತು ಸೇರಿಸಿತು: ಸಾಮಾನ್ಯ ಜನರೆಲ್ಲರನ್ನೂ ತಪಾಸಣೆಗೆ ಒಳಪಡಿಸುವುದು ಬೇಡ, ಅಪಾಯ ಹೆಚ್ಚಿರುವವರನ್ನು ಹುಡುಕಿ. ನಮ್ಮ ಚೆಕಪ್ ಪ್ಯಾಕೇಜುಗಳು ಈ ಎರಡು ಮಾತಿಗೂ ಬೆನ್ನು ತಿರುಗಿಸಿ ನಿಂತಿವೆ.

ನಮ್ಮ ಮನಸ್ಸಿನಲ್ಲಿ ಲಿವರ್ ಕಾಯಿಲೆಗೆ ಎರಡೇ ರೂಪ: ಒಂದು ಕಾಮಾಲೆ, ಇನ್ನೊಂದು ಕುಡುಕರ ಹೊಟ್ಟೆ. ತಿರುವಲ್ಲಿಕ್ಕೇಣಿಯಲ್ಲಿ ಎರಡು ತಲೆಮಾರಿನಿಂದ ನೆಲೆಸಿರುವ ನಮ್ಮ ಚಿಕ್ಕಮ್ಮನಿಗೆ ಕ್ಲಿನಿಕ್ಕಿನಲ್ಲಿ ಯಾರೋ ‘ಲಿವರ್ ನೋಡಿಸಿಕೊಳ್ಳಿ’ ಅಂದರಂತೆ. ಫೋನಿನಲ್ಲಿ ಒಂದೇ ಸಮನೆ ಸಿಡಿದರು: “ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಮನೆ ಕಣೋ ಇದು. ನಂಗ್ಯಾಕೆ ಬರತ್ತೆ ಲಿವರ್ ಕಾಯ್ಲೆ? ಮನೇಲಿ ಯಾರಾದ್ರೂ ಕುಡೀತಾರಾ ಅಂತ ಬೇರೆ ಕೇಳ್ತಾನೆ!” ನಾನು “ಚಿಕ್ಕಮ್ಮ, ಅನ್ನ ಸಕ್ಕರೆ ಸಾಕು ಅದಕ್ಕೆ” ಅಂದೆ. ಅವರಿಗೆ ನಂಬಿಕೆ ಬರಲಿಲ್ಲ, ಅದರಲ್ಲಿ ಆಶ್ಚರ್ಯವೂ ಇಲ್ಲ. ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಶೇಕಡಾ 62 ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ ಎಂದು ಇದೇ ಚೆನ್ನೈನ ಸಂಶೋಧಕರು ಐಸಿಎಂಆರ್ ಜೊತೆ ಸೇರಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2025ರಲ್ಲಿ ತೋರಿಸಿತು. ಹೆಚ್ಚುವರಿ ಪಿಷ್ಟವನ್ನು ಕೊಬ್ಬಾಗಿ ಮಾಡುವ ಕಾರ್ಖಾನೆ ಲಿವರೇ. ಅದಕ್ಕೆ ಮಾಂಸವೂ ಬೇಡ, ಮದ್ಯವೂ ಬೇಡ.

ದಪ್ಪಗಿರಬೇಕೆಂಬ ನಿಯಮವೂ ಇಲ್ಲ. ಪಶ್ಚಿಮ ಬಂಗಾಳದ ಬೀರ್ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಫ್ಯಾಟಿ ಲಿವರ್ ಕಂಡುಬಂದವರ ಪೈಕಿ ನಾಲ್ಕರಲ್ಲಿ ಮೂವರ ಬಿಎಂಐ 25ಕ್ಕಿಂತ ಕಡಿಮೆ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೊಟ್ಟೆಯೂ ಇರಲಿಲ್ಲ. ಆದ್ದರಿಂದ ‘ಸಣ್ಣಗಿದ್ದಾರೆ, ಇವರಿಗೇನೂ ಬೇಡ’ ಎಂದು ಬಾಗಿಲಲ್ಲೇ ಬಿಟ್ಟುಬಿಡುವ ಅಭ್ಯಾಸವೂ ತಪ್ಪು. ಸಕ್ಕರೆ ಕಾಯಿಲೆ ಇದೆಯೇ ಎಂಬುದು ತೂಕಕ್ಕಿಂತ ಗಟ್ಟಿಯಾದ ಸುಳಿವು.

ಕಾಮಾಲೆಯ ಬಗ್ಗೆ ಇನ್ನೊಂದು ಮಾತು. ಚೆನ್ನೈನಲ್ಲಿ ಲಿವರ್ ಎಂದರೆ ಕೀಳಾನೆಲ್ಲಿ, ನಮ್ಮ ಕಡೆಯ ಕಿರುನೆಲ್ಲಿ, ನೆನಪಿಗೆ ಬರುತ್ತದೆ. ಅದಕ್ಕೆ ಇತಿಹಾಸವೂ ಇದೆ. ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದ ನೊಬೆಲ್ ವಿಜ್ಞಾನಿ ಬ್ಲುಂಬರ್ಗ್ ಸೇರಿ 1988ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಈ ಗಿಡದ ಬಗ್ಗೆ ಬರೆದರು. ಹೆಪಟೈಟಿಸ್ ಬಿ ಇರುವವರಲ್ಲಿ ಗಿಡದ ಪುಡಿ ತೆಗೆದುಕೊಂಡವರ ಪೈಕಿ ಶೇಕಡಾ 59 ಮಂದಿಯಲ್ಲಿ ವೈರಸ್ಸಿನ ಗುರುತು ಮಾಯವಾಯಿತು ಎಂಬ ಫಲಿತಾಂಶ ಜಗತ್ತನ್ನೇ ಎಬ್ಬಿಸಿತು. ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದಾಗ ಅಂಥ ಫಲಿತಾಂಶ ಸಿಗಲಿಲ್ಲ. ಆದರೂ ಫ್ಯಾಟಿ ಲಿವರ್ ಎಂದ ಕೂಡಲೇ ಬೆಳಗಾಗೆದ್ದು ಆ ಸೊಪ್ಪು ಅರೆದು ಕುಡಿಯುವವರು ಇವತ್ತಿಗೂ ಇದ್ದಾರೆ. ಕಣ್ಣು ಹಳದಿಯಾಗದ, ನೋವಿಲ್ಲದ, ಹಸಿವು ಕೆಡದ ಕಾಯಿಲೆಗೂ ಕಾಮಾಲೆಗೂ ಸಂಬಂಧವಿಲ್ಲ ಎಂದು ಹೇಳುವವರು ಕಡಿಮೆ.

ಎಲ್ಲರಿಗೂ ಸ್ಕ್ಯಾನ್ ಮಾಡಿದರೆ ನಷ್ಟವೇನು, ಎಚ್ಚರವಾದರೂ ಮೂಡುತ್ತದಲ್ಲ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ಎಚ್ಚರ ಮೂಡಿಸುವುದಕ್ಕೆ ಸೊಂಟದ ಅಳತೆಯ ಟೇಪು ಸಾಕು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದಕ್ಕೆ ಮೀರಿದರೆ ಒಳಗೆ ಏನು ನಡೆಯುತ್ತಿದೆ ಎಂದು ಊಹಿಸಲು ಯಂತ್ರ ಬೇಡ. ಗ್ರೇಡ್ ಒನ್ ಸಾಲಿನ ನಿಜವಾದ ನಷ್ಟ ಬೇರೆ ಕಡೆ ಆಗುತ್ತಿದೆ. ಆ ಸಾಲು ಕಂಡ ಕೂಡಲೇ ಔಷಧಿ ಚೀಟಿಗೆ ಲಿವರ್ ಟಾನಿಕ್ ಬರುತ್ತದೆ, ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಬರುತ್ತದೆ. ಈ ಕಾಯಿಲೆಯಲ್ಲಿ ಆ ಮಾತ್ರೆಯಿಂದ ಉಪಯೋಗವಿಲ್ಲ ಎಂದು ಮಾರ್ಗಸೂಚಿಗಳು ಹೇಳಿ ವರ್ಷಗಳಾದವು. ಅದಕ್ಕಿಂತ ಕೆಟ್ಟದ್ದು, ‘ಲಿವರ್ ಸರಿಯಿಲ್ಲ’ ಎಂದು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ನಿಲ್ಲಿಸಿಬಿಡುವುದು. ಫ್ಯಾಟಿ ಲಿವರ್ ಇರುವವರಲ್ಲಿ ಸಾವಿಗೆ ಮೊದಲ ಕಾರಣ ಲಿವರ್ ಅಲ್ಲ, ಹೃದಯ. ಅವರಿಗೆ ಸ್ಟಾಟಿನ್ ಸುರಕ್ಷಿತ, ಅಗತ್ಯವೂ ಹೌದು. ಸ್ಕ್ಯಾನಿಂಗಿನ ಒಂದು ಸಾಲಿನಿಂದ ಲಿವರಿಗೆ ಏನೂ ಲಾಭವಾಗದೆ ಹೃದಯದ ರಕ್ಷಣೆ ಹೋಯಿತು ಎಂದರೆ ಆ ತಪಾಸಣೆ ರೋಗಿಗೆ ಹಾನಿ ಮಾಡಿತು ಎಂದೇ ಅರ್ಥ. ಇದನ್ನು ನಾನು ನಮ್ಮ ಬಂಧುಬಳಗದಲ್ಲೇ ಕಂಡಿದ್ದೇನೆ. ಇಷ್ಟು ಖಾರವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಈಗ ಸಕ್ಕರೆ ಕ್ಲಿನಿಕ್ಕಿನ ಸಾಲಿಗೆ ಬರೋಣ. ಈ ವಿಷಯದಲ್ಲಿ ಚೆನ್ನೈಗೆ ಇರುವಷ್ಟು ಅನುಕೂಲ ದೇಶದ ಬೇರೆ ಊರುಗಳಿಗೆ ಕಡಿಮೆ. ಎಂ. ವಿಶ್ವನಾಥನ್ 1948ರಲ್ಲೇ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಗೆಂದೇ ಪ್ರತ್ಯೇಕ ವಿಭಾಗ ತೆರೆದರು. 1954ರಲ್ಲಿ ರಾಯಪುರಂನಲ್ಲಿ ಅದಕ್ಕೊಂದು ಆಸ್ಪತ್ರೆ ಕಟ್ಟಿದರು. ಆ ಪರಂಪರೆಯಿಂದ ಬಂದ ಕ್ಲಿನಿಕ್ಕುಗಳು ಊರಿನ ಮೂಲೆಮೂಲೆಯಲ್ಲಿವೆ. ಅಲ್ಲಿಗೆ ಹೋದವರಿಗೆ ಗೊತ್ತು: ವರ್ಷಕ್ಕೊಮ್ಮೆ ಕಣ್ಣಿನ ಪರದೆಯ ಫೋಟೋ, ಮೂತ್ರದಲ್ಲಿ ಆಲ್ಬುಮಿನ್, ಪಾದದ ಪರೀಕ್ಷೆ ಎಲ್ಲ ಕ್ರಮವಾಗಿ ನಡೆಯುತ್ತವೆ. ಕಣ್ಣಿನ ದೋಷ ರೋಗಿಗೆ ತಿಳಿಯುವ ಮೊದಲೇ ಹಿಡಿಯಬೇಕೆಂಬ ಶಿಸ್ತನ್ನು ಈ ಊರು ದಶಕಗಳ ಹಿಂದೆ ಕಲಿತಿತು. ಆದರೆ ಈ ಪರೀಕ್ಷೆಗಳನ್ನು ಬರೆದಿಡುವ ರೋಗಿಯ ಪುಸ್ತಕದಲ್ಲಿ ಲಿವರಿಗೆ ಒಂದು ಕಾಲಂ ಇಲ್ಲ. ಇದ್ದರೂ ಅಲ್ಲಿ ಬರೆಯುವುದು ಎಸ್‌ಜಿಪಿಟಿ ಒಂದನ್ನೇ.

ಇದರಲ್ಲಿ ನನಗೆ ತೀರಾ ನೋವಾಗುವ ಸಂಗತಿ ಸ್ಟಾನ್ಲಿಯದೇ. ಸಕ್ಕರೆ ಕಾಯಿಲೆಯ ಆ ಹಳೆಯ ವಿಭಾಗ ಇರುವ ಆವರಣದಲ್ಲೇ ಬಡವರಿಗೆ ಉಚಿತವಾಗಿ ಲಿವರ್ ಕಸಿ ಮಾಡುವ ವಿಭಾಗವೂ ಇದೆ. ಅಂಗದಾನದಲ್ಲಿ ತಮಿಳುನಾಡು ದೇಶಕ್ಕೆ ದಾರಿ ತೋರಿಸಿದೆ. ಕ್ರೋಂಪೇಟೆಯ ರೇಲಾ ಆಸ್ಪತ್ರೆಗೆ ಹೊರದೇಶಗಳಿಂದ ಲಿವರ್ ಕಸಿಗೆ ಬರುತ್ತಾರೆ. ಕಾಯಿಲೆಯ ಕೊನೆಯ ಹಂತಕ್ಕೆ ಇಷ್ಟೆಲ್ಲ ಕೌಶಲ, ಹಣ, ಕಾನೂನು ಜೋಡಿಸಿದ ಊರಿನಲ್ಲಿ ಮೊದಲ ಹಂತಕ್ಕೆ ಬೇಕಾದದ್ದು ಒಂದು ಪ್ಲೇಟ್‌ಲೆಟ್ ಎಣಿಕೆ. ಸಕ್ಕರೆ ಕಾಯಿಲೆಯವರ ಮಾಮೂಲಿ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಇರುತ್ತವೆ. ಪ್ಲೇಟ್‌ಲೆಟ್ ಮತ್ತು ಎಸ್‌ಜಿಒಟಿ ಅನೇಕ ಕಡೆ ಇರುವುದಿಲ್ಲ. ಎರಡನ್ನೂ ಸೇರಿಸಿದರೆ ಹೆಚ್ಚಾಗುವುದು ಕೆಲವು ನೂರು ರೂಪಾಯಿ. ಹೊಟ್ಟೆ ಸ್ಕ್ಯಾನಿಂಗಿನ ಬೆಲೆಗಿಂತ ಕಡಿಮೆ.

ಫಿಬ್-4ರ ಮೇಲೆ ಆಕ್ಷೇಪಣೆಗಳಿವೆ, ಅವು ಸುಳ್ಳಲ್ಲ. ಮೂವತ್ತೈದು ವರ್ಷದೊಳಗಿನವರಲ್ಲಿ ಅದನ್ನು ನಂಬುವಂತಿಲ್ಲ. ಅರವತ್ತೈದು ದಾಟಿದವರಿಗೆ ವಯಸ್ಸಿನಿಂದಲೇ ಅಂಕ ಏರುವುದರಿಂದ 1.3ರ ಬದಲು 2.0 ಹಿಡಿಯಬೇಕು. ಕಾಯಿಲೆ ಇದ್ದೂ ಅಂಕ ಕಡಿಮೆ ಬರುವವರು ಸಕ್ಕರೆ ಕಾಯಿಲೆಯವರಲ್ಲೇ ಹೆಚ್ಚು. ಆದ್ದರಿಂದ ಒಮ್ಮೆ ನೋಡಿ ಬಿಡದೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಲೆಕ್ಕ ಹಾಕಬೇಕು. ಚೆನ್ನೈಗೇ ವಿಶೇಷವಾದ ಎಚ್ಚರಿಕೆಯೂ ಒಂದಿದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆಯ ಜೊತೆ ಡೆಂಗಿ ಬರುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ, ಎಸ್‌ಜಿಒಟಿ ಏರುತ್ತದೆ. ಎರಡೂ ಫಿಬ್-4 ಅನ್ನು ಮೇಲಕ್ಕೆ ಎಳೆಯುತ್ತವೆ. ಜ್ವರದ ದಿನಗಳ ರಕ್ತದಲ್ಲಿ ಈ ಲೆಕ್ಕ ಹಾಕಿದರೆ ಚೆನ್ನಾಗಿರುವ ಲಿವರ್ ಕೂಡ ಸಿರೋಸಿಸ್ಸಿನಂತೆ ಕಂಡೀತು. ಜ್ವರ ಬಿಟ್ಟು ಕೆಲವು ವಾರ ಕಳೆದ ಮೇಲೇ ನೋಡಬೇಕು.

ಮದ್ಯದ ಪ್ರಶ್ನೆಯನ್ನೂ ಬಿಡುವಂತಿಲ್ಲ. ತಮಿಳುನಾಡಿನಲ್ಲಿ 2003ರಿಂದ ಚಿಲ್ಲರೆ ಮದ್ಯ ಮಾರಾಟ ಸರ್ಕಾರದ ಟಾಸ್ಮಾಕ್ ಅಂಗಡಿಗಳ ಕೈಯಲ್ಲಿದೆ. ಸಕ್ಕರೆ ಕಾಯಿಲೆ ಇದ್ದು ದಿನವೂ ಸ್ವಲ್ಪ ಕುಡಿಯುವವರ ಸಂಖ್ಯೆ ಚಿಕ್ಕದಲ್ಲ. ಇಷ್ಟು ದಿನ ವೈದ್ಯಶಾಸ್ತ್ರ ಇವರನ್ನು ಅತ್ತ ಇತ್ತ ಎರಡೂ ಕಡೆ ಸೇರಿಸದೆ ಬಿಟ್ಟಿತ್ತು. 2023ರಲ್ಲಿ ಜಗತ್ತಿನ ಲಿವರ್ ಸಂಘಗಳು ವರ್ಗೀಕರಣ ಬದಲಿಸಿದಾಗ ಸಕ್ಕರೆ, ಬೊಜ್ಜಿನ ಜೊತೆ ಮಧ್ಯಮ ಪ್ರಮಾಣದ ಕುಡಿತವೂ ಇರುವವರಿಗೆ ಪ್ರತ್ಯೇಕ ಗುಂಪು ಮಾಡಿದವು. ಎರಡೂ ಸೇರಿದರೆ ಲಿವರ್ ಬೇಗ ಕೆಡುತ್ತದೆ. ಯಾರು ಕುಡಿಯುತ್ತಾರೆಂದು ತಿಳಿಯಲು ಕೇಳಲೇಬೇಕು, ಆದರೆ ಕೇಳುವ ರೀತಿಯಲ್ಲಿ ಮರ್ಯಾದೆ ಇರಬೇಕು. ಹೆಂಡತಿ ಮಕ್ಕಳ ಮುಂದೆ, ಸಾಲಿನಲ್ಲಿ ನಿಂತವರ ಮುಂದೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ.

‘ನಾರುಗಟ್ಟಿದೆ ಎಂದು ತಿಳಿದು ಮಾಡುವುದೇನು, ಔಷಧಿಯೇ ಇಲ್ಲವಲ್ಲ’ ಎಂಬುದು ಹಳೆಯ ಮಾತು. ಹತ್ತು ವರ್ಷದ ಹಿಂದೆ ಅದರಲ್ಲಿ ಸ್ವಲ್ಪ ಹುರುಳಿತ್ತು. ಆದರೆ ಆಗಲೂ ಕ್ಯೂಬಾದ 293 ರೋಗಿಗಳ ಅಧ್ಯಯನ 2015ರಲ್ಲಿ ತೋರಿಸಿತ್ತು: ಒಂದು ವರ್ಷದಲ್ಲಿ ದೇಹದ ತೂಕ ಶೇಕಡಾ 10ರಷ್ಟು ಇಳಿಸಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಲಿವರಿನ ಉರಿಯೂತ ಶಮನವಾಯಿತು, ಹತ್ತಿರಹತ್ತಿರ ಅರ್ಧದಷ್ಟು ಮಂದಿಯಲ್ಲಿ ನಾರು ಕೂಡ ಹಿಂದೆ ಸರಿಯಿತು. ಅಷ್ಟು ತೂಕ ಇಳಿಸುವುದು ಸುಲಭವಲ್ಲ, ಇಳಿಸಿದವರು ಕೆಲವರೇ. ಜೀವನಶೈಲಿ ಬದಲಾವಣೆ ನಮ್ಮ ಜನರಿಗೆ ಆಗದ ಮಾತು ಎನ್ನುವವರಿಗೆ ಉತ್ತರವೂ ಚೆನ್ನೈನಲ್ಲೇ ಇದೆ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರಲ್ಲಿ, ಆಹಾರ ನಡಿಗೆಗಳ ಸಲಹೆಯೊಂದೇ ಕಾಯಿಲೆ ಬರುವುದನ್ನು ಶೇಕಡಾ 28.5ರಷ್ಟು ತಗ್ಗಿಸಿತು. ಅದು ಮೆಟ್‌ಫಾರ್ಮಿನ್ ಮಾತ್ರೆಗೆ ಸರಿಸಮ.

ಈಗ ಔಷಧಿಯೂ ಬಂದಿದೆ. ಅಮೆರಿಕದ ಎಫ್‌ಡಿಎ 2024ರ ಮಾರ್ಚಿನಲ್ಲಿ ರೆಸ್ಮೆಟಿರೋಮ್‌ಗೆ, 2025ರ ಆಗಸ್ಟಿನಲ್ಲಿ ಸೆಮಾಗ್ಲುಟೈಡ್‌ಗೆ ಈ ಕಾಯಿಲೆಯಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಯ ಷರತ್ತನ್ನು ಗಮನಿಸಬೇಕು: ಮಧ್ಯಮದಿಂದ ತೀವ್ರ ಮಟ್ಟದ ನಾರುಗಟ್ಟುವಿಕೆ ಇರುವವರಿಗೆ ಮಾತ್ರ, ಸಿರೋಸಿಸ್ ಆದವರಿಗೂ ಅಲ್ಲ, ಬರೀ ಕೊಬ್ಬಿರುವವರಿಗೂ ಅಲ್ಲ. ಸಕ್ಕರೆಗೆ ಕೊಡುವ ಮಾತ್ರೆಗಳ ಆಯ್ಕೆಯೂ ಬದಲಾಗುತ್ತದೆ. ಹಳೆಯ, ಅಗ್ಗದ ಪಯೋಗ್ಲಿಟಜೋನ್ ಲಿವರಿನ ಉರಿಯೂತಕ್ಕೂ ಒಳ್ಳೆಯದು. ಹೃದಯ ದುರ್ಬಲವಾಗಿರುವವರಿಗೆ ಮಾತ್ರ ಕೊಡುವಂತಿಲ್ಲ. ಸಿರೋಸಿಸ್ ಎಂದು ಗೊತ್ತಾದರೆ ಆರು ತಿಂಗಳಿಗೊಮ್ಮೆ ಕ್ಯಾನ್ಸರಿಗಾಗಿ ಸ್ಕ್ಯಾನಿಂಗ್ ಮಾಡಬೇಕು. ಹೊಟ್ಟೆ ಸ್ಕ್ಯಾನಿಂಗಿನ ನಿಜವಾದ ಜಾಗ ಅದು. ಚೆಕಪ್ ಪ್ಯಾಕೇಜಿನಲ್ಲಿ ಮುಗಿದುಹೋಗುವ ಸಾವಿರಾರು ಸ್ಕ್ಯಾನಿಂಗುಗಳು ಈ ಜನರಿಗೆ ಸಿಗಬೇಕಿತ್ತು.

ನಮ್ಮ ಸರ್ಕಾರ ಕೈಕಟ್ಟಿ ಕೂತಿಲ್ಲ ಎಂಬುದನ್ನೂ ಹೇಳಬೇಕು. ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ 2021ರ ಫೆಬ್ರವರಿಯಲ್ಲಿ ಸೇರಿಸಲಾಯಿತು. 2024ರ ಸೆಪ್ಟೆಂಬರಿನಲ್ಲಿ ಅದರ ಮಾರ್ಗಸೂಚಿಯ ಪರಿಷ್ಕೃತ ರೂಪ ಹೊರಬಂತು. ತಮಿಳುನಾಡಿನಲ್ಲಿ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಬಿಪಿ, ಶುಗರ್ ಮಾತ್ರೆಗಳನ್ನು ಮನೆ ಬಾಗಿಲಿಗೇ ತಲುಪಿಸುತ್ತಾರೆ. ಕರ್ನಾಟಕದಲ್ಲಿ ಗೃಹ ಆರೋಗ್ಯ ಯೋಜನೆ ಇದೆ. ಅಂದರೆ ಸಕ್ಕರೆ ಕಾಯಿಲೆಯವರ ಪಟ್ಟಿ, ವಿಳಾಸ, ವಯಸ್ಸು ಸರ್ಕಾರದ ಬಳಿ ಆಗಲೇ ಇದೆ. ಹೊಸದಾಗಿ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಇಲ್ಲದಿರುವುದು ಎರಡನೆಯ ಮೆಟ್ಟಿಲು. ಫಿಬ್-4 ಹೆಚ್ಚು ಬಂದವರಿಗೆ ಫೈಬ್ರೋಸ್ಕ್ಯಾನ್ ಮಾಡಿ ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯಬೇಕು. 8 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ನಿಶ್ಚಿಂತೆ, ಹೆಚ್ಚು ಬಂದರೆ ಲಿವರ್ ತಜ್ಞರ ಬಳಿಗೆ. ಫ್ರಾನ್ಸಿನಿಂದ ಬಂದ ಈ ಯಂತ್ರ ದುಬಾರಿ. ದೊಡ್ಡ ಆಸ್ಪತ್ರೆಗಳಲ್ಲಿದೆ, ಕಂಪನಿಗಳ ಉಚಿತ ಶಿಬಿರಗಳಲ್ಲಿ ಕಾಣಿಸಿಕೊಳ್ಳುತ್ತದೆ. ತಾಲ್ಲೂಕು ಆಸ್ಪತ್ರೆಯ ಸಕ್ಕರೆ ವಿಭಾಗದಲ್ಲಿ ಇಲ್ಲ. ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1968ರಲ್ಲಿ ತಪಾಸಣೆಯ ಹತ್ತು ನಿಯಮಗಳನ್ನು ಬರೆದರು. ಕಾಯಿಲೆ ಪತ್ತೆಯಾದವರಿಗೆ ಮುಂದಿನ ಪರೀಕ್ಷೆಯೂ ಚಿಕಿತ್ಸೆಯೂ ಸಿಗುವ ವ್ಯವಸ್ಥೆ ಇರಬೇಕು ಎಂಬುದು ಅವುಗಳಲ್ಲಿ ಒಂದು. ಅದಿಲ್ಲದೆ ಮೊದಲ ಪರೀಕ್ಷೆ ಮಾಡಿದರೆ ರೋಗಿಗೆ ಸಿಗುವುದು ಆತಂಕ ಮಾತ್ರ. ಹಾಗಾಗಿ ಜಿಲ್ಲೆಗೊಂದು ಫೈಬ್ರೋಸ್ಕ್ಯಾನ್, ಅದಕ್ಕೆ ವಾರದಲ್ಲಿ ನಿಗದಿಯಾದ ದಿನ, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅಲ್ಲಿಗೆ ಕಳಿಸುವ ಒಂದು ಚೀಟಿ, ಇಷ್ಟು ಆಗಲೇಬೇಕು. ತಮಿಳುನಾಡಿಗೆ ಇದು ಆಗದ ಕೆಲಸವಲ್ಲ. ಕರ್ನಾಟಕಕ್ಕೂ ಅಲ್ಲ.

ಸರ್ಕಾರ ಅಷ್ಟು ಮಾಡುವವರೆಗೆ ಕಾಯಬೇಕಾಗಿಲ್ಲ. ನಿಮಗಾಗಲಿ ನಿಮ್ಮ ಮನೆಯಲ್ಲಿ ಯಾರಿಗಾಗಲಿ ಸಕ್ಕರೆ ಕಾಯಿಲೆ ಇದ್ದು ವಯಸ್ಸು ಮೂವತ್ತೈದು ದಾಟಿದ್ದರೆ, ಮುಂದಿನ ಸಲ ರಕ್ತ ಕೊಡುವಾಗ ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಮೂರನ್ನೂ ಬರೆಸಿಕೊಳ್ಳಿ. ರಿಪೋರ್ಟ್ ತೆಗೆದುಕೊಂಡು ಹೋದಾಗ ‘ಡಾಕ್ಟ್ರೇ, ಫಿಬ್-4 ಎಷ್ಟು ಬಂತು?’ ಎಂದು ಕೇಳಿ. ಉತ್ತರ ಸಿಗದೆ ಎದ್ದು ಬರಬೇಡಿ.